ಎರಡು ಸಲ ಮಗುಚಿದ ಬೆಟ್ಟ

ಹುಲಿಗೆಮ್ಮ ಕಲ್ಲನ್ನು ನೆಕ್ಕಿದಳು.

ಅಂಗಿಯ ತೋಳಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಮ್ಮೆ ನೆಕ್ಕಿದಳು. ಒಣಗಿದ ಕಲ್ಲು ಬೂದಿ ಬಳಿದುಕೊಂಡ ಬೈರಾಗಿಯ ಹಾಗೆ, ಒಳಗೇನಿದೆ ಎಂದು ತೋರಗೊಡುವುದಿಲ್ಲ. ಎಂಜಲು ತಾಗಿದರೆ ಸಾಕು, ಗುಟ್ಟೆಲ್ಲ ಮೈಮೇಲೆ ಬರುತ್ತದೆ. ಈಗ ಬಂದದ್ದು ತೂತುಗಳು. ಸಾಸಿವೆ ಕಾಳಿನಷ್ಟು, ಅಲ್ಲಲ್ಲಿ ತೊಗರಿ ಕಾಳಿನಷ್ಟು ದೊಡ್ಡವು, ಕಲ್ಲಿನ ಒಂದು ತುದಿಯಲ್ಲಿ ಒತ್ತೊತ್ತಾಗಿ ಕೂತಿದ್ದವು. ಆ ತುದಿ ಕೆಳಗಿತ್ತು. ಕಲ್ಲಿನ ಮೇಲೆ ಯಂತ್ರ ಒತ್ತಿದ್ದ ಬಿಳಿ ಬಾಣ ಇನ್ನೊಂದು ತುದಿಯನ್ನು ತೋರಿಸಿ, ಇದೇ ಮೇಲುಗಡೆ ಎನ್ನುತ್ತಿತ್ತು.

"ಹಿಂಗ ಇರಬಾರ್ದಲ್ಲ," ಎಂದು ತನಗೇ ಹೇಳಿಕೊಂಡಳು.

ಬೆಟ್ಟದಿಂದ ಕೊರೆದು ತೆಗೆದ ಕಲ್ಲಿನ ನಲವತ್ತೊಂದನೆಯ ಪೆಟ್ಟಿಗೆಯನ್ನು ಎಳೆದಳು. ಬೀಗ ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಒಂದು ಏಟು ಕೊಟ್ಟಳು. ಅಲ್ಲೂ ತೂತುಗಳು ಬಾಣದ ಬಾಲದ ಕಡೆಗೇ. ಹದಿನೇಳನೆಯದು. ಅರವತ್ತಮೂರು. ಪ್ರತಿ ಲಾವಾ ಪದರದಲ್ಲೂ ಅದೇ ಕಥೆ, ಅದರ ಜೊತೆಗೆ ಇನ್ನೊಂದು: ಬಾಣದ ಮೊನೆಯ ಕಡೆ, ಲಾವಾದ ತಲೆಯ ಮೇಲೆ, ಕುಂಬಾರನ ಆವಿಗೆಯಿಂದ ಬಂದ ಹಾಗೆ ಸುಟ್ಟು ಕೆಂಪಾದ ಕೆಸರು. ಹೊರಗೆ ಗಾಳಿ ಶೆಡ್ಡಿನ ತಗಡನ್ನು ಹಿಡಿದು ಜಗ್ಗುತ್ತಿತ್ತು. ಈ ಕಣಿವೆಯಲ್ಲಿ ಗಾಳಿ ನಿಂತ ದಿನವಿಲ್ಲ. ಆದರೆ ಇವತ್ತು ಅದು ಅವಳನ್ನೇ ಹೆಸರು ಹಿಡಿದು ಕರೆದಂತಿತ್ತು.

ಅವಳು ಬಂದದ್ದು ಒಂದು ಗೇಣು ಕಲ್ಲು ಕತ್ತರಿಸಿಕೊಂಡು ಹೋಗಲು, ಅಷ್ಟೇ. ನಾಳೆ ಬೆಳಿಗ್ಗೆ ಕಣಿವೆಯ ಹೊಸ ಶಾಲೆಯ ಉದ್ಘಾಟನೆ. ಬಾಗಿಲ ಪಕ್ಕದ ಗೋಡೆಯಲ್ಲಿ, ಗಾಜಿನ ಹಿಂದೆ, ಈ ಕಣಿವೆಯ ಆಯಸ್ಸು ಹೇಳಿದ ಕಲ್ಲಿನ ಒಂದು ತುಂಡನ್ನು ನಿಲ್ಲಿಸಬೇಕು, ಅದನ್ನು ಕೊರೆದು ತೆಗೆದ ಅಮರಪ್ಪನಿಗೆ ಶಾಲು ಹೊದಿಸಬೇಕು ಎಂದು ತೀರ್ಮಾನವಾಗಿತ್ತು. ಅಮರಪ್ಪ ಅವಳ ಕಾಕಾ. ಕಲ್ಲನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಯಾವುದು ಮೇಲೆ ಯಾವುದು ಕೆಳಗೆ ಎಂದು ನೋಡಬೇಕಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಮನುಷ್ಯರೊಬ್ಬರು ಆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ್ದು ಹಾಗೆ.

ಕಲಬುರಗಿಯಲ್ಲಿ ಓದುವಾಗ ಭೂವಿಜ್ಞಾನದ ಮೇಡಂ ತರಗತಿಗೆ ಸ್ಟವ್ ತಂದು, ಹಂಚಿಟ್ಟು, ದೋಸೆ ಹೊಯ್ದು ತೋರಿಸಿದ್ದರು. ಕುದಿಯುವ ಲಾವಾ ಹರಿದು ಬಂದು ಕೆಸರಿನ ಮೇಲೆ ಮಲಗುತ್ತದೆ. ಒಳಗಿನ ಗಾಳಿ ಮೇಲಕ್ಕೇಳುತ್ತದೆ, ಹೊರಗೆ ಹೋಗುವಷ್ಟರಲ್ಲಿ ಲಾವಾ ಹೆಪ್ಪುಗಟ್ಟಿರುತ್ತದೆ, ತೂತು ಉಳಿಯುತ್ತದೆ. ಕೆಳಗಿನ ಕೆಸರು ಬೆಂದು ಕೆಂಪಾಗುತ್ತದೆ. ದೋಸೆಗೆ ತೂತು ಬೀಳುವುದು ಮೇಲೆ, ಸೀಯುವುದು ಕೆಳಗೆ. ಹುಡುಗರೆಲ್ಲ ದೋಸೆ ತಿಂದು ಪಾಠ ಮರೆತರು. ಹುಲಿಗೆಮ್ಮನಿಗೆ ದೋಸೆ ಸಿಕ್ಕಿರಲಿಲ್ಲ, ಪಾಠ ಉಳಿದಿತ್ತು.

ಈ ದೋಸೆಯ ತೂತು ಕೆಳಗಿತ್ತು, ಸೀದದ್ದು ಮೇಲಿತ್ತು. ಇಡೀ ಬೆಟ್ಟವೇ ತಲೆಕೆಳಗಾಗಿ ಪೆಟ್ಟಿಗೆಯಲ್ಲಿ ಮಲಗಿತ್ತು.

ಅವಳು ಕಲ್ಲನ್ನು ಜಾಕೆಟ್ಟಿನ ಜೇಬಿಗೆ ತುರುಕಿ ಹೊರಗೆ ಬಂದಳು.

ಸೆನೀಸಾ ಕಣಿವೆ ದಕ್ಷಿಣ ಅಮೆರಿಕದ ಬಾಲದ ತುದಿಯಲ್ಲಿದೆ. ಹಿಮನದಿ ಸಾವಿರಾರು ವರ್ಷ ಉಜ್ಜಿ ಉಜ್ಜಿ ಅದನ್ನು ದೊಡ್ಡ ಮರಿಗೆಯ ಹಾಗೆ ಕೊರೆದಿದೆ. ಎರಡೂ ಗೋಡೆಗಳಲ್ಲಿ ಪದರಗಳು: ಕಪ್ಪು ಲಾವಾ, ಬಿಳಿ ಬೂದಿ, ಜೇಡಿ, ಗುಂಡುಕಲ್ಲು, ಮತ್ತೆ ಲಾವಾ. ಕಣಿವೆಯ ತಲೆಯಲ್ಲಿ ಹಿಮದ ಟೋಪಿ ಹಾಕಿಕೊಂಡ ಜ್ವಾಲಾಮುಖಿ. ಅದರ ಕಾವಿಗೆ ಹಿಮ ಒಳಗಿನಿಂದ ಕರಗಿ, ಹಿಮದ ಅಡಿಯಲ್ಲೇ ಯಾರ ಕಣ್ಣಿಗೂ ಬೀಳದ ಕೆರೆಯೊಂದು ತುಂಬುತ್ತ ಹೋಗುತ್ತದೆ. ಒಂದು ದಿನ ನೀರು ಮೇಲಿನ ಹಿಮವನ್ನೇ ಎತ್ತಿ ನುಗ್ಗುತ್ತದೆ. ಹಿಂದಿನ ಸಲ ನುಗ್ಗಿದ್ದು ಎಪ್ಪತ್ತೆಂಟು ವರ್ಷದ ಕೆಳಗೆ. ಕಣಿವೆಯಲ್ಲಿದ್ದವರು ಇನ್ನೂರ ಹನ್ನೊಂದು ಜನ, ಉಳಿದವರು ಹತ್ತೊಂಬತ್ತು. ಆಮೇಲೆ ಎಪ್ಪತ್ತು ಚಿಲ್ಲರೆ ವರ್ಷ ಅಲ್ಲಿ ಗಾಳಿ ಬಿಟ್ಟರೆ ಯಾರೂ ವಾಸ ಮಾಡಲಿಲ್ಲ.

ಆಮೇಲೆ ಬಂದದ್ದು ಪದರ ಓದುವ ಯಂತ್ರ. ಅದಕ್ಕೊಂದು ಉದ್ದನೆಯ ಹೆಸರಿತ್ತು. ರಾಯಚೂರು ಕಡೆಯಿಂದ ಬಂದ ಡ್ರಿಲ್ಲಿಂಗ್ ಮಂದಿ ಅದಕ್ಕೆ ಕೊರವಂಜಿ ಎಂದು ಕರೆದರು, ಅದೇ ಉಳಿಯಿತು. ಕೈ ನೋಡಿ ಕಣಿ ಹೇಳುವ ಬದಲು ಇವಳು ಕಲ್ಲು ನೋಡಿ ಹೇಳುತ್ತಾಳೆ. ಕೆರೆಯ ತಳದಲ್ಲಿ ಬೇಸಿಗೆಗೊಂದು ಮರಳು ಗೆರೆ, ಚಳಿಗಾಲಕ್ಕೊಂದು ಜೇಡಿ ಗೆರೆ ಕೂರುತ್ತದೆ. ಎರಡು ಗೆರೆ ಅಂದರೆ ಒಂದು ವರ್ಷ. ನೀರು ನುಗ್ಗಿದ ವರ್ಷ ಗುಂಡುಕಲ್ಲಿನ ದಪ್ಪ ಪದರ. ಕೊರವಂಜಿ ಒಂದೊಂದೇ ಗೆರೆ ಎಣಿಸಿ, ಒಂದು ಪ್ರವಾಹಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿ, ಆ ಅಂತರ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ನೋಡಿ, ಮುಂದಿನದು ಯಾವಾಗ ಎಂದು ಹನ್ನೊಂದು ನಿಮಿಷದಲ್ಲಿ ಹೇಳುತ್ತಾಳೆ. ಕಲ್ಲಿನ ವಯಸ್ಸು ಅಳೆಯುವ ಹಳೆಯ ವಿಧಾನಗಳಿಗೆ ತಿಂಗಳುಗಟ್ಟಲೆ ಬೇಕು. ಹನ್ನೊಂದು ನಿಮಿಷ ಸಿಗುವಾಗ ತಿಂಗಳು ಕಾಯುವವರು ಯಾರು?

ಸೆನೀಸಾಕ್ಕೆ ಅವಳು ಹೇಳಿದ ಕಣಿ: ಅಂತರ ಹಿಗ್ಗುತ್ತಿದೆ. ನೂರ ಹತ್ತೊಂಬತ್ತು, ನೂರ ಎಪ್ಪತ್ತೆಂಟು, ಇನ್ನೂರ ಅರವತ್ತೇಳು, ನಾನೂರು, ಆರುನೂರು, ಒಂಬೈನೂರು. ಮುಂದಿನದಕ್ಕೆ ಸಾವಿರದ ಮುನ್ನೂರೈವತ್ತು.

ಆ ಕಣಿ ನಂಬಿ ಬಂದ ಜನ ಕಟ್ಟಿಕೊಂಡ ಕಾಲೋನಿಗೆ ಹೋಗುವ ದಾರಿಯಲ್ಲಿ ಆ ಸಂಖ್ಯೆಯ ಫಲಕವಿತ್ತು. ಈ ವರ್ಷ ಅದರ ಮೇಲೆ 1272 ಎಂದಿತ್ತು. ಪ್ರತಿ ಹೊಸವರ್ಷಕ್ಕೆ ಊರೆಲ್ಲ ಸೇರಿ ಒಂದು ಅಂಕಿ ಇಳಿಸಿ ಕುಣಿಯುತ್ತಿತ್ತು. ರಾಯಚೂರು ಮಂದಿ ಯುಗಾದಿಗೆ ಅದಕ್ಕೆ ತೋರಣ ಕಟ್ಟುತ್ತಿದ್ದರು. ಇಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲಕ್ಕೆ, ಮಾವಿನೆಲೆ ಸಿಗುವುದಿಲ್ಲ ಎಂದು ಯಾವುದೋ ಮುಳ್ಳುಗಿಡದ ಎಲೆ. ಬೇಕರಿಯ ಹೆಸರು 1272 ಅಲ್ಲ, 1276, ತೆರೆದ ವರ್ಷದ್ದು. ಹೊಸದಾಗಿ ಮದುವೆಯಾದವರು ಮನೆಯ ಮುಂದೆ ಅಲೆರ್ಸೆ ಸಸಿ ನೆಡುವುದು ಇಲ್ಲಿಯ ಪದ್ಧತಿಯಾಗಿಬಿಟ್ಟಿತ್ತು. ಆ ಮರ ಬಲಿಯಲು ಸಾವಿರ ವರ್ಷ ಬೇಕು. ಬೇರೆ ಊರಿನವರು ಪಪ್ಪಾಯಿ ನೆಡುತ್ತಾರೆ, ನಾವು ಅಲೆರ್ಸೆ ನೆಡುತ್ತೇವೆ ಎಂದು ಜನ ಎದೆ ಉಬ್ಬಿಸುತ್ತಿದ್ದರು.

ಹುಲಿಗೆಮ್ಮ ಫಲಕದ ಕಡೆ ನೋಡದೆ ನಡೆದಳು. ಕೆಳಗೆ ಹೊಳೆಯಲ್ಲಿ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಆಚೆ ದಡಕ್ಕೆ ಹೋಗುತ್ತಿದ್ದರು. ಜನವರಿ ಅಂದರೆ ಇಲ್ಲಿ ನಡುಬೇಸಿಗೆ, ಹಿಮ ಕರಗುವ ಕಾಲ, ಹೊಳೆ ಎದೆಮಟ್ಟ ಇರಬೇಕಾದ ಕಾಲ. ಈ ಸಲ ಪಾದ ನೆನೆಯುವಷ್ಟೂ ಇರಲಿಲ್ಲ. ಸೇತುವೆ ಸುತ್ತಿಬರುವ ಕಷ್ಟ ತಪ್ಪಿತು ಎಂದು ಎಲ್ಲರೂ ಖುಷಿಯಾಗಿದ್ದರು.

ಅಡುಗೆಮನೆಯಲ್ಲಿ ಕಾಕಾ ರೊಟ್ಟಿ ಬಡಿಯುತ್ತಿದ್ದ. ಹಡಗಿನಲ್ಲಿ ಬಂದ ಜೋಳ, ಊರಿನಿಂದ ಹೊತ್ತು ತಂದ ಹಂಚು. ಕಿಟಕಿಯ ಹತ್ತಿರ ಪಕ್ಕದ ಮನೆಯ ಎಲ್ವೀರಾ ಸೋರೆಬುರುಡೆಯೊಳಗಿನ, ಮಾತೆ ಎಂಬ ಇಲ್ಲಿಯ ಕಹಿ ಚಹವನ್ನು ಲೋಹದ ಕೊಳವೆಯಿಂದ ಹೀರುತ್ತ ಕೂತಿದ್ದಳು. ಅರವತ್ತೈದರ ಎಲ್ವೀರಾಳ ಅಜ್ಜಿ ಆ ಪ್ರವಾಹದಲ್ಲಿ ಹೋದವಳು. ಕುದುರೆಯ ಬೆನ್ನಿಗೆ ಕಟ್ಟಿ ಕಳಿಸಿದ ಏಳು ವರ್ಷದ ಹುಡುಗಿ ಉಳಿದಳು. ಅವಳು ಎಲ್ವೀರಾಳ ತಾಯಿ. ಎಲ್ವೀರಾ ಕನ್ನಡ ಕಲಿತದ್ದು ಕಾಕಾನ ಬಾಯಿಂದ, ಹಾಗಾಗಿ ಅವಳಿಗೆ ಗೊತ್ತಿದ್ದುದು ಅಪ್ಪಣೆ ಕೊಡುವ ಕನ್ನಡ ಮಾತ್ರ.

"ಬಾರವ್ವ ಹುಲಿಗಿ," ಅಂದ ಕಾಕಾ. "ಗಾಳಿಗಿ ಹಾರಿ ಸಮುದ್ರದಾಗ ಬಿದ್ದಿ ಏನೋ ಅಂತ ಮಾಡಿದ್ದೆ."

"ಕುಂದ್ರು. ತಿನ್ನು. ಬಡಕಿ," ಅಂದಳು ಎಲ್ವೀರಾ.

ಹುಲಿಗೆಮ್ಮ ಕೂರಲಿಲ್ಲ. ಜೇಬಿನ ಕಲ್ಲು ತೊಡೆಗೆ ಒತ್ತುತ್ತಿತ್ತು. "ಕಾಕಾ, ಒಂದು ಕೇಳ್ತೀನಿ. ಇಲ್ಲಿ ಸುರಂಗದಾಗ ನಿಂತು ಮ್ಯಾಲಕ್ಕ ಕೊರದ್ರೆಲ್ಲ, ಆ ಕಲ್ಲು ಪೆಟಿಗ್ಯಾಗ ಹ್ಯಾಂಗ ಇಟ್ಟಿದ್ದಿ?"

"ಹ್ಯಾಂಗ ಅಂದ್ರ? ಹ್ಯಾಂಗ ಇಡಬೇಕೋ ಹಂಗ."

"ಅದ, ಹ್ಯಾಂಗ?"

ಧೋತರ ಹೇಗೆ ಉಡುತ್ತೀ ಎಂದು ಕೇಳಿದಂತೆ ಕಾಕಾ ಅವಳನ್ನು ನೋಡಿದ. ಕಣಿವೆಯ ಆ ಗೋಡೆಯ ನೆತ್ತಿ ಪೂರ್ತಿ ಹಿಮದಡಿಯಲ್ಲಿತ್ತು, ಅಲ್ಲಿ ಯಂತ್ರ ನಿಲ್ಲಿಸಲು ಜಾಗವಿರಲಿಲ್ಲ. ಅದಕ್ಕೇ ಬುಡದಲ್ಲಿ ಸುರಂಗ ಹೊಡೆದು, ಒಳಗೆ ನಿಂತು, ತಲೆಯ ಮೇಲಕ್ಕೆ ಕೊರೆದಿದ್ದರು. ಹಾಗೆ ಕೊರೆಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಹಟ್ಟಿಯ ಗಣಿಯಲ್ಲಿ ಮೂವತ್ತೊಂದು ವರ್ಷ ಭೂಮಿಯೊಳಗೆ ನಿಂತು ನೆತ್ತಿ ಕೊರೆದವನು ಎಂದೇ ಅಮರಪ್ಪನನ್ನು ಹುಡುಕಿ ಕರೆಸಿದ್ದರು.

"ನೋಡು," ಕಾಕಾ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದ. "ಕೆಳಕ್ಕ ಕೊರದ್ರ ಮೊದ್ಲ ಬಂದ ಕಲ್ಲು ಮೊದ್ಲನೆ ಪೆಟಿಗಿಗಿ. ಮ್ಯಾಲಕ್ಕ ಕೊರದ್ರ ಕಡೀಕ ಬಂದ ಕಲ್ಲು ಮೊದ್ಲನೆ ಪೆಟಿಗಿಗಿ. ಯಾಕಂದ್ರ ಅದು ಎಲ್ಲಾದ್ರಕಿಂತ ಮ್ಯಾಲ ಕುಂತಿತ್ತು. ನಾ ಹಂಗ ಇಟ್ಟೀನಿ, ನಮ್ಮಪ್ಪ ಹಂಗ ಇಟ್ಟಾನ. ಕಲ್ಲು ಗುಡ್ಡದಾಗ ಹ್ಯಾಂಗ ಕುಂತಿತ್ತೋ ಪೆಟಿಗ್ಯಾಗೂ ಹಂಗ ಕುಂದ್ರಬೇಕು. ಹೆಣಾನೂ ತೆಲಿ ಯಾ ಕಡೆ ಅಂತ ನೋಡೇ ಇಡ್ತಾರೆಲ್ಲ?" ರೊಟ್ಟಿಯನ್ನು ಮಗುಚಿ ಅವಳ ಕಡೆ ತಿರುಗಿದ. "ಯಾಕ, ಯಾರರ ಏನರ ಅಂದ್ರೇನು? ಅಮರಪ್ಪನ ಪೆಟಿಗಿ ಅಂದ್ರ ಇಂಜಿನಿಯರ್ ತಿರುಗಿ ನೋಡ್ತಿದ್ದಿಲ್ಲ ಹಟ್ಟ್ಯಾಗ. ಗೊತ್ತೈತಿಲ್ಲ?"

"ಗೊತ್ತೈತಿ ಕಾಕಾ."

"ಮತ್ತ?"

ಅಷ್ಟರಲ್ಲಿ ಸೀದ ವಾಸನೆ ಬಂತು. ಕಾಕಾ ಗಕ್ಕನೆ ತಿರುಗಿದ. ರೊಟ್ಟಿಯ ಕೆಳಗಡೆ ಇದ್ದಿಲಾಗಿತ್ತು, ಮೇಲ್ಗಡೆ ಹಸಿಹಸಿ.

"ಇದೇನಾತಲೇ! ನಾ ಮಗಚಿದ್ನೆಲ್ಲ!"

"ನಾನೂ ಮಗಚು," ಎಂದಳು ಎಲ್ವೀರಾ ಹೆಮ್ಮೆಯಿಂದ. "ಅಮರ್ ಮಾತಾಡು. ಅಮರ್ ಮರೆತು. ನಾನು ಮಗಚು."

"ಯವ್ವಾ ನಿನ್ನ! ಇಬ್ಬರೂ ಮಗಚಿದ್ರ ಬೇಯ್ದ ಕಡೆನ ಬೇಯ್ತೈತಿ!" ಕಾಕಾ ನಕ್ಕ. ಎಲ್ವೀರಾ ಬುರುಡೆ ಕೆಳಗಿಟ್ಟು, ಹಲ್ಲಿಲ್ಲದ ಬಾಯಿ ತೆರೆದು ಅವನಿಗಿಂತ ಜೋರಾಗಿ ನಕ್ಕಳು.

ಹುಲಿಗೆಮ್ಮ ಆ ಸೀದ ರೊಟ್ಟಿಯನ್ನೇ ನೋಡುತ್ತ ನಿಂತಳು. ನಾಲ್ಕು ವರ್ಷದ ಹಿಂದೆ ಕೊರವಂಜಿಯ ಮುಂದೆ ಕೂತು ಅರ್ಜಿ ತುಂಬಿದವಳು ಅವಳೇ. ರಂಧ್ರ ಕೆಳಮುಖವೋ ಮೇಲ್ಮುಖವೋ ಎಂದು ಅದು ಕೇಳಿತ್ತು. ಮೇಲ್ಮುಖ ಎಂದು ಗುರುತು ಹಾಕಿದ್ದಳು. ಸರಿಯಾದ ಉತ್ತರ. ಆಗ ಕೊರವಂಜಿ ತಾನಾಗಿಯೇ, ಓಹೋ, ಹಾಗಾದರೆ ಮೊದಲನೆಯ ಪೆಟ್ಟಿಗೆಯಲ್ಲಿರುವುದು ಎಲ್ಲಕ್ಕಿಂತ ಕೆಳಗಿನ ಕಲ್ಲು ಎಂದುಕೊಂಡು, ಸಾಲನ್ನು ತಿರುಗಿಸಿ, ಬಾಣ ಒತ್ತಿ, ಓದಿದ್ದಳು. ಕಾಕಾ ಆಗಲೇ ಕೈಯಿಂದ ತಿರುಗಿಸಿ ಇಟ್ಟಿದ್ದ. ಪೆಟ್ಟಿಗೆ ಹೇಗೆ ಜೋಡಿಸಿದ್ದೀರಿ ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ. ಯಾರ ತಪ್ಪೂ ಇಲ್ಲ. ಎಲ್ಲರೂ ಸರಿಯಾಗಿಯೇ ಮಾಡಿದ್ದರು, ಬೆಟ್ಟ ಮಾತ್ರ ಎರಡು ಸಲ ಮಗುಚಿತ್ತು.

"ಎಲ್ಲಿಗಿ ಹೊಂಟಿ? ರೊಟ್ಟಿ?" ಕಾಕಾ ಕೂಗಿದ.

"ಬರ್ತೀನಿ," ಎಂದಳು. ಬಾಗಿಲನ್ನು ಗಾಳಿಯೇ ಹಾಕಿಕೊಂಡಿತು.

ಸಂಜೆ ಏಳಾದರೂ ಮಧ್ಯಾಹ್ನದ ಬಿಸಿಲೇ ಇತ್ತು. ಕೊರವಂಜಿಯ ನಿಯಂತ್ರಣ ಕೊಠಡಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಶಾಲೆಗೆ ಬಣ್ಣದ ಕಾಗದ ಅಂಟಿಸಲು ಹೋಗಿದ್ದರು. ಹುಲಿಗೆಮ್ಮ ಹಳೆಯ ಓದನ್ನು ತೆರೆದು, ಸಾಲು ತಿರುಗಿಸುವ ಸೂಚನೆಯನ್ನು ಅಳಿಸಿ, ಮತ್ತೆ ಓದು ಎಂದಳು. ಹನ್ನೊಂದು ನಿಮಿಷ. ಕೂತಳು, ಎದ್ದಳು, ಕಿಟಕಿಯ ಹತ್ತಿರ ಹೋದಳು, ಉಗುರು ಕಚ್ಚಿದಳು. ಸುಳ್ಳಾಗಲಿ ಎಂದು ಊರಿನ ಅಮರೇಶ್ವರನಿಗೆ ಕೈಮುಗಿದಳು. ಇಷ್ಟು ದೂರದಿಂದ ಕೇಳಿಸುತ್ತದೋ ಇಲ್ಲವೋ ಎಂದು ಇನ್ನೊಮ್ಮೆ ಮುಗಿದಳು.

ಒಂಬೈನೂರು. ಆರುನೂರು. ನಾನೂರು. ಇನ್ನೂರ ಅರವತ್ತೇಳು. ನೂರ ಎಪ್ಪತ್ತೆಂಟು. ನೂರ ಹತ್ತೊಂಬತ್ತು.

ಮುಂದಿನದು: ಎಪ್ಪತ್ತೊಂಬತ್ತು. ಒಂದು ವರ್ಷ ಹಿಂದಾಗಬಹುದು, ಒಂದು ವರ್ಷ ಮುಂದಾಗಬಹುದು.

ಎಪ್ಪತ್ತೆಂಟು ಆಗಲೇ ಕಳೆದಿತ್ತು.

"ನೀವು ಇಲ್ಲಿ ಏನು ಮಾಡ್ತಾ ಇದ್ದೀರಿ ಮಾರಾಯ್ತಿ? ಅಲ್ಲಿ ಎಲ್ಲರೂ ನಿಮ್ಮನ್ನು ಹುಡುಕ್ತಾ ಇದ್ದಾರೆ," ಎನ್ನುತ್ತ ಡಾ. ಶ್ರೀವತ್ಸ ಕೆದಿಲಾಯರು ಒಳಗೆ ಬಂದರು. ಕಲ್ಲು ಓದುವ ಈ ಕೇಂದ್ರದ ಮುಖ್ಯಸ್ಥರು, ಪುತ್ತೂರು ಕಡೆಯವರು, ಕೊರವಂಜಿಗೆ ಎಣಿಸಲು ಕಲಿಸಿದವರೇ ಅವರು. ಕೈಯಲ್ಲಿ ಅಂಟು, ಮೂಗಿನ ಮೇಲೆ ನೀಲಿ ಬಣ್ಣದ ಚುಕ್ಕೆ.

ಅವಳು ಜೇಬಿನಿಂದ ಕಲ್ಲು ತೆಗೆದು ಮೇಜಿನ ಮೇಲಿಟ್ಟಳು. ಪೆಟ್ಟಿಗೆಯ ವಿಷಯ ಹೇಳಿದಳು. ಪರದೆ ತೋರಿಸಿದಳು. ಅವರು ವಾದ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಕುರ್ಚಿ ಎಳೆದು ಕೂತು, ಬಹಳ ಹೊತ್ತು ಬೆರಳಿನ ಅಂಟನ್ನು ಸುಲಿಯುತ್ತ ಇದ್ದರು.

"ಎಲ್ಲರ ಮನೆ ದೋಸೆಯೂ ತೂತೇ, ಹುಲಿಗೆಮ್ಮ," ಎಂದರು ಕೊನೆಗೆ.

"ಹೌದ್ರೀ ಸರ್. ಆದ್ರ ತೂತು ಮ್ಯಾಲ ಇರ್ತಾವ್ರಿ."

ಅವರು ನಗಲಿಲ್ಲ. "ಹಿಮದ ಅಡಿಯ ಕೆರೆ ಎಷ್ಟು ತುಂಬಿದೆ ಅಂತ ಅಳೆಯುವ ಉಪಕರಣ?"

"ನೀವ ಕಳಿಸಿದ್ರೆಲ್ಲ ಸರ್, ಬ್ಯಾರೆ ಕಣಿವಿಗಿ. ಸಾವಿರ ವರ್ಷ ಐತಿ, ಇಲ್ಲಿ ಯಾಕ ಸುಮ್ನ ಅಂತ."

"ಹೌದು. ಕಳಿಸಿದ್ದು ಉಂಟು." ಎದ್ದು ಕಿಟಕಿಯ ಹತ್ತಿರ ಹೋದರು. "ನಿಯಮ ನಿಮಗೆ ಗೊತ್ತುಂಟಲ್ಲ. ಕೊಟ್ಟ ಓದು ರದ್ದಾಗಬೇಕಾದರೆ ಎರಡೇ ದಾರಿ. ಒಂದು, ಯಂತ್ರದ ಓದಿನ ಮೇಲೆ ಅನುಮಾನ ಅಂತ ಅರ್ಜಿ. ಸಮಿತಿ ಬರ್ತದೆ, ಪರಿಶೀಲನೆ ಮಾಡ್ತದೆ, ಎಂಟು ತಿಂಗಳು. ಅಲ್ಲಿವರೆಗೆ ಹಳೆಯ ಓದೇ ಊರ್ಜಿತ. ಎರಡನೆಯದು, ಪೆಟ್ಟಿಗೆ ಹೇಳಿಕೆ. ಪೆಟ್ಟಿಗೆ ಇಟ್ಟವನೇ, ನಾನು ಇಟ್ಟ ಕ್ರಮವೂ ಯಂತ್ರ ಓದಿದ ಕ್ರಮವೂ ಬೇರೆ ಅಂತ ಸಹಿ ಹಾಕಬೇಕು. ಆ ಕ್ಷಣಕ್ಕೆ ಓದು ಬಿತ್ತು. ಸೈರನ್ ಆಗ್ತದೆ. ಅದೇ ಗಂಟೆ ಕಣಿವೆ ಖಾಲಿ. ಆಮೇಲೆ ಈ ಯಂತ್ರ ಓದಿದ ಬಾಕಿ ಹದಿನೇಳು ಕಣಿವೆಗಳಲ್ಲೂ ಓದು ಬೀಳ್ತದೆ. ಹದಿನೇಳು! ಅಲ್ಲಿ ಯಾವ ಪೆಟ್ಟಿಗೆಯಲ್ಲೂ ತಪ್ಪಿಲ್ಲದೆ ಇರಬಹುದು. ಜನ ಮನೆ ಬಿಟ್ಟು ಓಡುವಾಗಲೇ ಸಾಯ್ತಾರೆ, ನೀವು ನೋಡಿಲ್ಲ, ನಾನು ನೋಡಿದ್ದೇನೆ."

"ಮತ್ತ ನೀರು ಬಂದ್ರ ಸರ್?"

"ಒಂದು ವರ್ಷ ಹಿಂದೆ ಮುಂದೆ ಅಂತ ಉಂಟಲ್ಲ. ಎಂಟು ತಿಂಗಳು ಅದರೊಳಗೇ ಬರ್ತದೆ." ಅದನ್ನು ಹೇಳುವಾಗ ಅವರು ಅವಳನ್ನು ನೋಡಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ: "ಅಮರಪ್ಪನವರ ಬಗ್ಗೆ ಯೋಚನೆ ಮಾಡಿ. ಪೆಟ್ಟಿಗೆ ಹೇಳಿಕೆಯಲ್ಲಿ ಒಂದೇ ಹೆಸರು ಇರ್ತದೆ. ಪ್ರಪಂಚದ ಎಲ್ಲ ಪತ್ರಿಕೆಯಲ್ಲೂ ಆ ಹೆಸರು ಬರ್ತದೆ. ಕಲ್ಲನ್ನು ತಲೆಕೆಳಗಾಗಿ ಇಟ್ಟ ಅಮರಪ್ಪ. ಅವರು ತಲೆಕೆಳಗಾಗಿ ಇಟ್ಟಿಲ್ಲ ಅಂತ ನಾನೂ ನೀವೂ ಎಷ್ಟು ಜನಕ್ಕೆ ಹೇಳ್ಲಿಕ್ಕೆ ಆಗ್ತದೆ?"

ಆ ಮಾತು ಅವಳೊಳಗೆ ಹೋಗಿ ಕೂತಿತು. ಕಾಕಾನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಹೊಲ ಇಲ್ಲ. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿದವನು ಅವನು. ಇದ್ದ ಆಸ್ತಿ ಎಂದರೆ ಅಮರಪ್ಪನ ಪೆಟ್ಟಿಗೆ ಎಂಬ ಎರಡು ಮಾತು. ಎಪ್ಪತ್ತೊಂದನೆಯ ವಯಸ್ಸಿಗೆ ಅದನ್ನೂ ಕಿತ್ತುಕೊಂಡು ಬೀದಿಗೆ ನಿಲ್ಲಿಸುವುದೇ? ಎಂಟು ತಿಂಗಳು. ನಡುವೆ ಒಂದು ಚಳಿಗಾಲವೂ ಬರುತ್ತದೆ, ಚಳಿಗೆ ನೀರು ಹೆಪ್ಪುಗಟ್ಟುತ್ತದೆ, ಏನೂ ಆಗಲಿಕ್ಕಿಲ್ಲ. ಚಳಿ ಹಿಮದ ಮೇಲಕ್ಕೇ ಹೊರತು ಅಡಿಯ ಬೆಂಕಿಗಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದನ್ನು ಅವಳು ಆ ಹೊತ್ತಿಗೆ ಒಂದು ಕಡೆ ಸರಿಸಿಟ್ಟಳು.

"ಅರ್ಜಿ ಬರೀರಿ ಸರ್," ಎಂದಳು.

ಮನೆಗೆ ಬಂದಾಗ ಕಾಕಾ ನಾಳೆ ತಲೆಗೆ ಸುತ್ತಲೆಂದು ಬಿಳಿ ಪಟಕ ಇಸ್ತ್ರಿ ಮಾಡುತ್ತಿದ್ದ. ಅವಳು ಊಟ ಮಾಡಿದೆ ಎಂದು ಸುಳ್ಳು ಹೇಳಿ ಮಲಗಿದಳು. ಎಲ್ವೀರಾ ಈ ಕಣಿವೆಗೆ ವಾಸಕ್ಕೆ ಬಂದ ದಿನದ ನೆನಪು ಅವಳನ್ನು ಬಿಡಲಿಲ್ಲ. ಎಲ್ಲರೂ ಕೊರವಂಜಿಯ ಪರದೆ ನೋಡಿ ನಂಬಿದ್ದರು. ಎಲ್ವೀರಾ ಮಾತ್ರ ಪರದೆಯ ಕಡೆ ತಿರುಗಿಯೂ ನೋಡದೆ, ಕೊರೆದವನು ಯಾರು ಎಂದು ಕೇಳಿದಳು. ಕಾಕಾನ ಎರಡೂ ಕೈ ಹಿಡಿದು, ಅಂಗೈಯ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿ, ನಿಜವಾ ಎಂದು ತನ್ನ ಭಾಷೆಯಲ್ಲಿ ಕೇಳಿದ್ದಳು. "ನಾನ ಕೊರದೀನಿ. ನಂಬು," ಎಂದಿದ್ದ ಕಾಕಾ. ಮರುದಿನವೇ ಅವಳು ಅಜ್ಜಿಯ ಮನೆಯಿದ್ದ ಜಾಗದಲ್ಲಿ ಸಲಿಕೆ ಹಾಕಿದಳು.

ಬೆಳಿಗ್ಗೆ ಎಂಟಕ್ಕೆ ಇಬ್ಬರಿಗೂ ಕೆದಿಲಾಯರ ಕೊಠಡಿಗೆ ಕರೆ ಬಂತು. ಹೊರಗೆ ಶಾಲೆಯ ಕಡೆಯಿಂದ ವಾದ್ಯದವರು ತಾಲೀಮು ಮಾಡುವ ಸದ್ದು ಗಾಳಿಯ ಜೊತೆ ಬಂದು ಹೋಗುತ್ತಿತ್ತು. ಮೇಜಿನ ಮೇಲೆ ಮಡಚಿಟ್ಟ ಜರಿ ಶಾಲು, ಗಾಜಿನ ಪೆಟ್ಟಿಗೆಯಲ್ಲಿ ಕಲ್ಲಿನ ತುಂಡು, ಎರಡು ಕಾಗದ. ಕಾಕಾ ಪಟಕ ಸುತ್ತಿಕೊಂಡು, ಶಾಲು ಇಲ್ಲೇ ಹೊದಿಸುತ್ತಾರೇನೋ ಎಂಬ ಮುಖದಲ್ಲಿ ಕೂತ.

ಕೆದಿಲಾಯರು ಎಲ್ಲವನ್ನೂ ಹೇಳಿದರು. ಅಷ್ಟರ ಮಟ್ಟಿಗೆ ಅವರು ಏನನ್ನೂ ಮುಚ್ಚಿಡಲಿಲ್ಲ. ಕೇಳಿ ಮುಗಿಸಿ ಕಾಕಾ ಕಲ್ಲನ್ನು ಗಾಜಿನಿಂದ ಹೊರಗೆ ತೆಗೆದು, ಹುಲಿಗೆಮ್ಮ ನೆಕ್ಕಿದ ಹಾಗೆಯೇ ನೆಕ್ಕಿ, ನೋಡಿದ.

"ನೀ ನಿನ್ನೆ ರೊಟ್ಟಿ ಬಿಟ್ಟು ಓಡಿದ್ದು ಇದಕ್ಕೇನು?" ಎಂದ ಅವಳಿಗೆ.

"ಹೂಂ ಕಾಕಾ."

"ಕೇಳಬೇಕಿತ್ತು ನನ್ನ. ಆವತ್ತ. ಹ್ಯಾಂಗ ಇಟ್ಟಿ ಅಂತ."

"ಕೇಳ್ಲಿಲ್ಲ ಕಾಕಾ."

"ನಾನರ ಹೇಳಬೇಕಿತ್ತು. ನಮ್ಮ ರೀತಿ ಜಗತ್ತಿಗೆಲ್ಲ ಗೊತ್ತೈತಿ ಅಂತ ತಿಳಕೊಂಡೆ." ಅವನು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡ. "ಸಾಯೇಬ್ರ, ಮಾಡೂ ಮಾತು ಹೇಳ್ರಿ."

ಕೆದಿಲಾಯರು ಮೊದಲನೆಯ ಕಾಗದವನ್ನು ಮುಂದೆ ತಳ್ಳಿದರು. "ಇದು ಯಂತ್ರದ ಮೇಲೆ ಅನುಮಾನದ ಅರ್ಜಿ. ಹುಲಿಗೆಮ್ಮ ಒಪ್ಪಿದ್ದಾರೆ. ನಿಮ್ಮದು ಸಾಕ್ಷಿ ಸಹಿ ಮಾತ್ರ. ಇದರಲ್ಲಿ ಪೆಟ್ಟಿಗೆಯ ಸುದ್ದಿ ಇಲ್ಲ, ನಿಮ್ಮ ಕೆಲಸದ ಮೇಲೆ ಒಂದು ಚುಕ್ಕೆ ಇಲ್ಲ. ಹತ್ತು ಗಂಟೆಗೆ ಶಾಲೆಗೆ ನಿಮ್ಮ ಹೆಸರೇ ಇಡುವ ಅಂತ ಮಾಡಿದ್ದೇವೆ. ಅದು ಮುಗಿದ ಕೂಡಲೇ ಗಾಡಿ ಉಂಟು. ಕರಾವಳಿಯಲ್ಲಿ ಒಂದು ಮನೆ ನೋಡಿದ್ದೇನೆ, ಗಾಳಿ ಇಲ್ಲ, ಬಿಸಿಲು ಉಂಟು. ನೀವಿಬ್ಬರೂ ವಿಶ್ರಾಂತಿಗೆ ಹೋಗಿ. ಎಂಟು ತಿಂಗಳು ಹೀಗೆ ಹೋಗ್ತದೆ."

"ಗಾಡ್ಯಾಗ ಎಲ್ವೀರಾಗ ಜಾಗ ಐತೇನ್ರಿ?"

ಕೆದಿಲಾಯರು ಶಾಲಿನ ಮಡಿಕೆ ಸರಿ ಮಾಡಿದರು. "ಅವರು ಹೋದರೆ ಜನ ಯಾಕೆ ಅಂತ ಕೇಳ್ತಾರೆ, ಅಮರಪ್ಪ."

"ಹೌದು. ಕೇಳ್ತಾರ." ಕಾಕಾ ತಲೆಯಾಡಿಸಿದ. "ಬ್ಯಾಸಿಗ್ಯಾಗ ಹೊಳಿ ಒಣಗೇತಿ, ನೋಡೀರೇನು? ಹುಡುಗ್ರು ಕಾಲಿಲೇ ದಾಟಾಕತ್ತಾವ. ಮ್ಯಾಲ ಹಿಮ ಕರಗಾಕತ್ತೇತಿ, ಕೆಳಗ ನೀರಿಲ್ಲ. ಗಣ್ಯಾಗ ಗ್ವಾಡಿ ಒಸರೂದು ನಿಂತ್ರ ನಾವು ಖುಷಿ ಪಡ್ತಿದ್ದಿಲ್ರೀ. ಬುಟ್ಟಿ ಬಿಟ್ಟು ಓಡ್ತಿದ್ವಿ."

ಹುಲಿಗೆಮ್ಮನಿಗೆ ನಿನ್ನೆ ಕಂಡ ಮಕ್ಕಳು ಕಣ್ಣ ಮುಂದೆ ಬಂದರು. ಒಂದು ಕಲ್ಲು, ಇನ್ನೊಂದು ಕಲ್ಲು. ಕಂಡಿದ್ದಳು, ಲೆಕ್ಕ ಹಾಕಿರಲಿಲ್ಲ. ಆದರೂ ಅವಳ ನಾಲಿಗೆ ಹಿಂದಿನ ದಾರಿಯಲ್ಲೇ ಹೋಯಿತು. "ಕಾಕಾ, ಸಹಿ ಹಾಕು. ಇನ್ನೊಂದು ಕಾಗದಕ್ಕ ಹಾಕಿದ್ರ ನಿನ್ನ ಹೆಸರು ಕೆಡ್ತೈತಿ. ನೀನೊಬ್ಬನ ತಪ್ಪು ಅಂತಾರ. ಅದು ನಿನ್ನ ತಪ್ಪಲ್ಲ. ನನಗ ಅದನ್ನ ನೋಡಾಕ ಆಗಂಗಿಲ್ಲ ಕಾಕಾ."

"ನಿನಗ ನೋಡಾಕ ಆಗಂಗಿಲ್ಲ," ಕಾಕಾ ಮೆಲ್ಲಗೆ ಹೇಳಿದ, ಬೈಯುವ ದನಿ ಇರಲಿಲ್ಲ. "ಅರ್ಧ ತಪ್ಪು ನಂದು. ಪಾವು ನಿಂದು. ಪಾವು ಸಾಯೇಬ್ರದು. ನಿಮ್ಮ ನಿಮ್ಮ ಪಾಲಿಂದು ನೀವು ಏನರ ಮಾಡಿಕೋರಿ. ನನ್ನ ಪಾಲಿಂದು ನನ್ನ ಕೈಯಾಗ ಕೊಡ್ರಿ."

ಕೈ ಚಾಚಿ, ಕೆಳಗಿದ್ದ ಎರಡನೆಯ ಕಾಗದವನ್ನು, ಪೆಟ್ಟಿಗೆ ಹೇಳಿಕೆಯನ್ನು, ಎಳೆದುಕೊಂಡ. ಅದನ್ನು ತಿರುವಿ, ಯಾವುದು ಮೇಲೆ ಎಂದು ನೋಡಿ, ನೆಟ್ಟಗೆ ಇಟ್ಟುಕೊಂಡ.

"ಅಮರಪ್ಪ, ಒಂದು ನಿಮಿಷ," ಕೆದಿಲಾಯರು ಎದ್ದುನಿಂತರು. ಶಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ. "ಆಯಿತು, ಎಲ್ವೀರಾ ಅವರನ್ನೂ ಕರ್ಕೊಂಡು ಹೋಗಿ. ಮೂರು ಜನ. ನಾನು ಹೇಗಾದರೂ ಮಾಡ್ತೇನೆ. ನಿಮ್ಮ ಹೆಸರು ಹಾಗೇ ಉಳೀತದೆ, ಶಾಲೆ ಉಳೀತದೆ, ಅವರೂ ಉಳೀತಾರೆ. ಇನ್ನೇನು ಬೇಕು? ಹೇಳಿ."

ಹೊರಗೆ ವಾದ್ಯ ನಿಂತಿತ್ತು. ಗಾಳಿ ಒಂದೇ ಸಮ ಕಿಟಕಿಯ ಚೌಕಟ್ಟನ್ನು ಅಲುಗಿಸುತ್ತಿತ್ತು. ಕಾಕಾ ತಲೆಯ ಪಟಕ ತೆಗೆದು ಕಲ್ಲಿನ ಪಕ್ಕದಲ್ಲಿಟ್ಟ, ಹುಲಿಗೆಮ್ಮನ ಜೇಬಿನಿಂದ ಪೆನ್ನು ತಾನೇ ತೆಗೆದುಕೊಂಡ.

"ಒಲ್ಲೆ," ಎಂದ.